ಎಣ್ಣೆಯ ಚುಕ್ಕಾಣಿ

ಯಂತ್ರದೋಣಿಯನ್ನು ವೇಗವಾಗಿ ಓಡಿಸುವುದರಲ್ಲಿ ಸುಖವುಂಟೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಅದೇ ದೋಣಿ ಓಡಲಾರದೆ ದಡ ಸೇರಿ, ಚುಕ್ಕಾಣಿಯ ಚಕ್ರವನ್ನೆಷ್ಟು ತಿರುಗಿಸಿದರೂ ಹಿಂಬದಿಯ ಎಂಜಿನ್ ಮಾತು ಕೇಳದಿರುವಾಗ, ಅದರ ಕಾರಣವನ್ನು ಹುಡುಕುತ್ತ ಕುಳಿತುಕೊಳ್ಳುವುದರಲ್ಲಿ ಅದಕ್ಕಿಂತಲೂ ಮಿಗಿಲಾದ ಸುಖವಿದೆಯೆಂದರೆ ಮಲ್ಪೆಯ ಗೆಳೆಯರು ನಗುತ್ತಾರೆ. ನಗಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಆ ದಿನಗಳಲ್ಲಿ, ಬೋಟುಗಳೆಲ್ಲ ಬಂದರಿನ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತು, ಮಳೆಯ ಸದ್ದಿನೊಡನೆ ಸುತ್ತಿಗೆಯ ಸದ್ದೂ ಬೆರೆತು ಕೇಳುತ್ತಿರುವಾಗ, ನನ್ನ ಹವ್ಯಾಸಕ್ಕೆ ಯಾವ ಕೊರತೆಯೂ ಇರುವುದಿಲ್ಲ.

ಚಕ್ರದ ಹಿಂದೆ ಅಡಗಿರುವ ಪುಟ್ಟ ಪಂಪು, ದೋಣಿಯ ಮಗ್ಗುಲಗುಂಟ ಹಿಂದಕ್ಕೆ ಸಾಗುವ ಎರಡು ಹೋಸುಗಳು, ಔಟ್‌ಬೋರ್ಡ್ ಎಂಜಿನ್ನಿನ ಮುಂದೆ ಅಡ್ಡಲಾಗಿ ಕುಳಿತ ಸಿಲಿಂಡರು. ಎಣ್ಣೆಯ ಒತ್ತಡದಿಂದ ನಡೆಯುವ ಈ ಹೈಡ್ರಾಲಿಕ್ ಚುಕ್ಕಾಣಿಯ ಸಂಸಾರ ಇಷ್ಟೇ. ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಪಾಸ್ಕಲ್ ಕಂಡುಕೊಂಡ ತತ್ತ್ವವೇ ಇದರ ಜೀವಾಳ. ಚಕ್ರದ ಒಂದು ಸುತ್ತಿಗೆ 28 ಸಿ.ಸಿ. ಎಣ್ಣೆಯನ್ನು ತಳ್ಳುವ ಪಂಪಿಗೆ 140 ಸಿ.ಸಿ.ಯ ಸಿಲಿಂಡರನ್ನು ಜೋಡಿಸಿದರೆ, ಒಂದು ತುದಿಯಿಂದ ಮತ್ತೊಂದು ತುದಿಗೆ ಐದು ಸುತ್ತು. ಏಳು ಸುತ್ತಾದರೂ ತುದಿ ಮುಟ್ಟದಿದ್ದರೆ ಎಣ್ಣೆ ಎಲ್ಲಿಯೋ ದಾರಿ ತಪ್ಪಿದೆಯೆಂದು ತಿಳಿಯಬೇಕು.

ಚಕ್ರ ಬಿಗಿಯಾಯಿತೆಂದರೆ ಸಾಕು, “ಪಂಪು ಹೋಯಿತು ಮಾರಾಯ್ರೇ, ಹೊಸತೇ ತರಿಸಬೇಕು” ಎಂದು ತೀರ್ಪು ಕೊಡುವವರು ದಕ್ಕೆಯಲ್ಲಿ ಬೇಕಾದಷ್ಟು ಮಂದಿ. ಅತ್ಯಂತ ಬೆಲೆಯುಳ್ಳ ಭಾಗವನ್ನೇ ಮೊದಲು ಸಂದೇಹಿಸುವ ಈ ಮನೋಧರ್ಮ ನನಗೆ ಸೋಜಿಗ. ಸಿಲಿಂಡರಿನ ಕೊಂಡಿಯನ್ನು ಕಳಚಿ, ಎಂಜಿನ್ನನ್ನು ಕೈಯಿಂದ ಅತ್ತಿತ್ತ ದೂಡಿ ನೋಡಬಾರದೇ? ಅದು ಆಗಲೂ ಹಟ ಹಿಡಿದರೆ, ಉಪ್ಪು ತಾಗಿ ಗ್ರೀಸು ಗಟ್ಟಿಯಾದ ತಿರುಗಣೆಯದೇ ತಪ್ಪು; ಪಂಪು ನಿರಪರಾಧಿ. ಎಂಜಿನ್ ಹಗುರವಾಗಿ ತಿರುಗಿ ಚಕ್ರ ಮಾತ್ರ ಬಿಗಿಯಾಗಿದ್ದರೆ, ಮಡಚಿಕೊಂಡ ಹೋಸನ್ನೋ ಮಂದವಾದ ತಪ್ಪು ಎಣ್ಣೆಯನ್ನೋ ಹುಡುಕಬೇಕು.

ತುದಿಗೆ ಬಂದ ಚಕ್ರವನ್ನು ಒತ್ತಿ ಹಿಡಿದಾಗ ಅದು ನಿಲ್ಲದೆ ಮೆಲ್ಲಮೆಲ್ಲನೆ ಜಾರುತ್ತಲೇ ಹೋಗುವುದು ಬೇರೆಯೇ ವ್ಯಾಧಿ. ಹೊರಗೆ ಒಂದು ಹನಿಯೂ ಕಾಣದೆ ಒಳಗೊಳಗೇ ಎಣ್ಣೆ ನುಸುಳುತ್ತಿರುತ್ತದೆ. ಪಂಪಿನ ಎರಡು ಬಾಯಿಗಳಿಗೂ ಬಿರಡೆ ಬಿಗಿದು ಚಕ್ರ ತಿರುಗಿಸಿದರೆ ನ್ಯಾಯ ತೀರುತ್ತದೆ: ಆಗಲೂ ಜಾರಿದರೆ ದೋಷ ಪಂಪಿನದು, ಬಹುಶಃ ವಾಲ್ವಿನಲ್ಲಿ ಸಿಕ್ಕಿಕೊಂಡ ಕಸದ್ದು, ಗಟ್ಟಿಯಾಗಿ ನಿಂತರೆ ಸಿಲಿಂಡರಿನ ಒಳಗಿನ ಸೀಲು ಸವೆದಿದೆ.

ಆದರೆ ನನಗೆ ಪರಮಪ್ರಿಯವಾದುದು ಗಾಳಿ ಹೊಕ್ಕ ಚುಕ್ಕಾಣಿ. ಎಣ್ಣೆ ಕುಗ್ಗದು, ಗಾಳಿ ಕುಗ್ಗುತ್ತದೆ. ಆದುದರಿಂದ ಹಳೆಯ ಹತ್ತಿಯ ಹಾಸಿಗೆಯನ್ನು ಒತ್ತಿದಂತೆ ಚಕ್ರ ಮೆತ್ತಗೆ ಒಳಗಾಗಿ, ಕೈ ಬಿಟ್ಟೊಡನೆ ಹಿಂದಕ್ಕೆ ಪುಟಿಯುತ್ತದೆ. ಪಂಪಿನ ನೆತ್ತಿಯಲ್ಲಿ ಎಣ್ಣೆಯ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಒಬ್ಬರನ್ನು ಚಕ್ರದ ಬಳಿ ಕೂರಿಸಿ, ನಾನು ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು ಸಿಲಿಂಡರಿನ ಗಾಳಿ ಬಿಡುವ ನಿಪ್ಪಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸುತ್ತೇನೆ. ಚಕ್ರ ಒಂದು ಕಡೆಗೆ ಪೂರ್ತಿ ತಿರುಗಿದ ಮೇಲೆ ಸ್ಪ್ಯಾನರಿನಿಂದ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿದರೆ, ಮೊದಲು ನೊರೆ, ತರುವಾಯ ಸಾಸಿವೆಯಷ್ಟು ಗುಳ್ಳೆಗಳ ಸಾಲು, ಕಡೆಗೆ ಕಣ್ಣಿಗೆ ಕಾಣುವಂತೆ ತಿಳಿಯಾಗುವ ಎಣ್ಣೆ. ಅಲ್ಲಿಯವರೆಗೂ “ತಿರುಗಿಸಿ, ತಿರುಗಿಸಿ” ಎನ್ನುತ್ತಲೇ ಇರಬೇಕು. ಮೇಲಿನ ಬಾಟಲಿ ಬರಿದಾಗಲು ಬಿಟ್ಟರೆ ಪಂಪು ಮತ್ತೆ ಗಾಳಿ ಕುಡಿದು ಪಟ್ಟ ಶ್ರಮವೆಲ್ಲ ವ್ಯರ್ಥ. ನಿಪ್ಪಲು ಬಿಗಿದು ಅದೇ ವಿಧಿಯನ್ನು ಮತ್ತೊಂದು ಕಡೆಗೂ ನಡೆಸಬೇಕು.

ಬೋಟು ನಡೆಸುವ ತಾಂಡೇಲರಲ್ಲಿ ಕೆಲವರಿಗೆ ಕೈಗೆ ಸಿಕ್ಕಿದ ಎಣ್ಣೆಯನ್ನು ಸುರಿಯುವ ಔದಾರ್ಯವುಂಟು. ಬ್ರೇಕ್ ಆಯಿಲ್ ಸುರಿದರೆ ಸೀಲುಗಳು ಉಬ್ಬಿ ಹಾಳಾಗುವುವು. ಸರಿಯಾದ ಎಣ್ಣೆಯನ್ನೂ ಕಂಠಪೂರ್ತಿ ತುಂಬಲಾಗದು; ಬಿಸಿಲಿಗೆ ಹಿಗ್ಗಲು ಅದಕ್ಕೂ ತುಸು ಜಾಗ ಬೇಕು.

ಎಲ್ಲವೂ ಮುಗಿದ ಬಳಿಕ ಚಕ್ರವನ್ನು ತುದಿಗೆ ಒತ್ತಿ ಹಿಡಿದು, ಪ್ರತಿಯೊಂದು ಜೋಡಣೆಯನ್ನೂ ಒಣಗಿದ ಬಿಳಿಯ ಬಟ್ಟೆಯಿಂದ ಒರೆಸಿಸುತ್ತೇನೆ. ಬಣ್ಣದ ಮೇಲೆ ಕಾಣದ ತೇವ ಬಟ್ಟೆಯ ಮೇಲೆ ಕಾಣುತ್ತದೆ. ಕಂಡರೆ, ಚಹಾ ಕುಡಿದು ಬಂದು ಮತ್ತೆ ಮೊದಲಿನಿಂದ.