ಗೋರನು ಕೇಳಿದ ನೀರು

ಹೊರಗಿನವನಾಗಿ ಹುಟ್ಟಿದ ಬಾಲಕನು ಕಷ್ಟಗಳನ್ನುಂಡು ಬೆಳೆದು, ಕಡೆಗೆ ಲೋಕದಲ್ಲಿ ತನ್ನದೊಂದು ನೆಲೆಯನ್ನು ಪಡೆಯುವುದು ಅನೇಕ ಕಾದಂಬರಿಗಳ ಹಾದಿ. 1850ರಲ್ಲಿ ಪೂರ್ಣಗೊಂಡ ಡಿಕನ್ಸನ ಕೃತಿಯಲ್ಲಿ ಡೇವಿಡ್ ಕಾಪರ್‌ಫೀಲ್ಡನು ನಡೆದುದೂ ಇದರಲ್ಲಿಯೇ. 1910ರಲ್ಲಿ ಪುಸ್ತಕರೂಪದಿಂದ ಬಂದ ರವೀಂದ್ರನಾಥ ಠಾಕೂರರ ‘ಗೋರಾ’ ಈ ಹಾದಿಯನ್ನು ಹಿಂದುಮುಂದಾಗಿಸಿತು.

ಗೋರನು ತನ್ನನ್ನು ಒಳಗಿನವರಲ್ಲಿಯೂ ಒಳಗಿನವನೆಂದು ಬಗೆದವನು. ಕ್ರೈಸ್ತಳಾದ ದಾಸಿ ಲಛಮಿಯಾ ತಾಯಿಯ ಕೋಣೆಯಲ್ಲಿ ಓಡಾಡುವಳೆಂಬ ಕಾರಣದಿಂದ ಆನಂದಮಯಿಯ ಕೈಯ ಅನ್ನವನ್ನೂ ಮುಟ್ಟದ ಆಚಾರವಂತನು. 1857ರ ದಂಗೆಯಲ್ಲಿ ಮಡಿದ ಐರಿಷನೊಬ್ಬನ ಮಗನು ತಾನೆಂದೂ, ಹೆತ್ತವಳು ಆನಂದಮಯಿಯ ಆಶ್ರಯದಲ್ಲಿಯೇ ಕಣ್ಮುಚ್ಚಿದಳೆಂದೂ ಅವನಿಗೆ ತಿಳಿಯುವುದು ಕಥೆಯ ಅಂತ್ಯದಲ್ಲಿ. ಇಷ್ಟು ಕಾಲ ತಾನು ಕಾದ ಬಾಗಿಲಿನಿಂದ ತಾನೇ ಹೊರಗಾದನು!

ಜನ್ಮರಹಸ್ಯವನ್ನು ಅರಿತ ಮಾತ್ರಕ್ಕೆ ಗೋರನು ಬೆಳೆದನೆ? ಇಲ್ಲ, ಬೀಜವು ಮೊದಲೇ ಬಿದ್ದಿದ್ದಿತು. ನೀಲಿ ಬೆಳೆಯ ಸಾಹೇಬರ ಹಾವಳಿಯಿಂದ ನೊಂದ ಘೋಷಪುರದಲ್ಲಿ, ತಂದೆ ಸೆರೆಮನೆಯಲ್ಲಿದ್ದ ಮುಸಲ್ಮಾನ ಬಾಲಕನೊಬ್ಬನನ್ನು ಹಿಂದೂ ಕ್ಷೌರಿಕನೊಬ್ಬನು ಸಾಕುತ್ತಿದ್ದನು. ಜಾತಿಯನ್ನು ಉಳಿಸಿಕೊಳ್ಳಲೆಂದು ಗೋರನು ಸಾಹೇಬರ ಕಡೆಯ ಬ್ರಾಹ್ಮಣನ ಮನೆಗೆ ಊಟಕ್ಕೆ ಹೊರಟನು. ಪೀಡಿಸುವವನ ಮನೆ ಶುದ್ಧ, ಕಾಪಾಡುವವನ ಮನೆ ಅಶುದ್ಧವೆಂಬುದನ್ನು ಅವನ ಮನಸ್ಸು ಒಪ್ಪಲಿಲ್ಲ. ಕ್ಷೌರಿಕನ ಮನೆಗೇ ಮರಳಿದನು.

ಸತ್ಯವು ಹೊರಬಿದ್ದಾಗ ಅವನು ಕುಸಿಯದೆ ಹಗುರಾದುದು ಇಂತಹ ಅನುಭವಗಳ ಬಲದಿಂದಲೇ. ಹೆರದ ತಾಯಿಯನ್ನು ಅವನು ತಾಯಿಯೆಂದೇ ಒಪ್ಪಿದನು. ಲಛಮಿಯಾಳನ್ನು ಕರೆಸಿ ಕುಡಿಯಲು ನೀರು ಕೊಡಿಸೆಂದು ಬೇಡಿದನು. ಲೋಕವು ಮುಂದೆ ಅವನಿಗೆ ನೆಲೆ ಕೊಟ್ಟಿತೆ ಎಂಬುದನ್ನು ಕಥೆಯು ಹೇಳುವುದಿಲ್ಲ. ತಾನು ಹೊರಗಿಟ್ಟವಳ ಕೈಯ ನೀರನ್ನು ಕೇಳುವಷ್ಟು ಗೋರನು ದೊಡ್ಡವನಾಗಿದ್ದನು.