ಶಿರಾಲಿಯ ಹುಡುಗನಿಗೆ ಫಾಲ್ಕೆ

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಘೋಷಣೆ ಹತ್ತಿರ ಬಂದರೆ ಸಾಕು, ಈ ಸಲ ಶ್ರೇಷ್ಠ ನಟ ಯಾರೆಂಬ ಲೆಕ್ಕಾಚಾರ ಶುರು. ಕನ್ನಡದ ಮಟ್ಟಿಗೆ ಒಂದು ಸುಳಿವು ಉಂಟು. ‘ಚೋಮನ ದುಡಿ’, ‘ತಬರನ ಕಥೆ’, ‘ನಾನು ಅವನಲ್ಲ ಅವಳು’, ‘ಕಾಂತಾರ’: ಈ ಪ್ರಶಸ್ತಿ ತಂದ ಪಾತ್ರಗಳೆಲ್ಲ ತಮಗಿಂತ ದೊಡ್ಡ ಶಕ್ತಿಯ ಎದುರು ನಿಂತ ಸಾಮಾನ್ಯರು. ನಗುತ್ತಾ, ನಗಿಸುತ್ತಾ ಸಲೀಸಾಗಿ ಅಭಿನಯಿಸಿದವರು ಈ ಲೆಕ್ಕಕ್ಕೆ ಸಿಗುವುದು ಕಷ್ಟ.

ಹೊನ್ನಾವರ ಸಮೀಪದ ಮಲ್ಲಾಪುರದ ಶಂಕರನಾಗ್‌ಗೆ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕಾಗಿ 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿ ಬಾಲ್ಯ ಕಳೆದ ಅಣ್ಣ ಅನಂತನಾಗ್‌ಗೆ 2025ರಲ್ಲಿ ಪದ್ಮಭೂಷಣ ಸಿಕ್ಕಿತು. ಹಾಗೆ ನಗುತ್ತಾ, ಸಲೀಸಾಗಿ ನಟಿಸಿದ ಅನಂತನಾಗ್‌ಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಮಾತ್ರ ಒಮ್ಮೆಯೂ ಇಲ್ಲ. ರಾಜ್‌ಕುಮಾರ್ ಅವರಿಗೆ ಸಂದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರಿಗೂ ಸಲ್ಲಲೇಬೇಕು. ಕುಮಟಾ, ಹೊನ್ನಾವರ, ಭಟ್ಕಳದವರೇ, ನಾವೇ ಮೊದಲು ದನಿ ಎತ್ತೋಣ.