ಸೊಸೆಯಂದಿರು ಕಾಯ್ದ ಅರಮನೆ

ಪೇಟೆಯಿಂದ ಪಚ್ಚಬಾಳೆಯ ಒಂದು ಚಿಪ್ಪು ತಂದು ಅಡಿಗೆಮನೆಯಲ್ಲಿ ನೇತುಹಾಕುತ್ತೀರಲ್ಲ, ಆ ಜಾತಿಗೆ ತೋಟಗಾರಿಕೆಯವರು ಏನನ್ನುತ್ತಾರೆ ಗೊತ್ತೇ? 'ಕ್ಯಾವೆಂಡಿಷ್' ಗುಂಪಿನ ಬಾಳೆ. ಇದೇನು, ಬಾಳೆಹಣ್ಣಿಗೆ ದೊರೆಯ ಹೆಸರು ಅಂತೀರಾ? ನಿಜವಾಗಿಯೂ ಅದು ಒಬ್ಬ ದೊರೆಯದೇ ಹೆಸರು! ಇಂಗ್ಲೆಂಡಿನ ನಡುಭಾಗದಲ್ಲಿರುವ ಡರ್ಬಿಷೈರ್ ಸೀಮೆಯಲ್ಲಿ, ಡರ್ವೆಂಟ್ ಎಂಬ ಹೊಳೆಯ ದಂಡೆಯ ಮೇಲೆ ಚಾಟ್ಸ್‌ವರ್ತ್ ಎಂಬ ಮನೆಯಿದೆ. ಆ ಮನೆತನದವರು ಕ್ಯಾವೆಂಡಿಷರು. ಬಾಳೆಯ ಕತೆ ಆಮೇಲೆ ಹೇಳುತ್ತೇನೆ. ಮೊದಲು ಮನೆ ನೋಡೋಣ, ಬನ್ನಿ.

ಕಲ್ಲಿನ ಸೇತುವೆಯ ಹತ್ತಿರ ಬಂದರೆ ಸಾಕು, ಆಚೆ ದಡದಲ್ಲಿ ಮನೆ ಕಾಣುತ್ತದೆ. ಹಿಂದೆ ಮರ ದಟ್ಟವಾಗಿ ಬೆಳೆದ ಗುಡ್ಡ, ಮುಂದೆ ಕುರಿ ಮೇಯುವ ಹಸಿರು ಬಯಲು, ನಡುವೆ ಜೇನಿನ ಬಣ್ಣದ ಕಲ್ಲಿನ ಕಟ್ಟಡ. ಕಿಟಕಿಯ ಚೌಕಟ್ಟುಗಳಿಗೆ ಚಿನ್ನದ ರೇಕು ಹೊದಿಸಿದ್ದಾರೆ. ಒಳಗಡೆ ಅಲ್ಲ ಕಣ್ರೀ, ಹೊರಗಡೆ, ಮಳೆಗಾಳಿಗೆ ಒಡ್ಡಿ! ಕೋಣೆಗಳು ನೂರಕ್ಕೂ ಮಿಗಿಲು. ಚಾವಣಿಯೊಂದೇ ಒಂದೂಕಾಲು ಎಕರೆಗೆ ಮೀರಿದ್ದು. ನಮ್ಮ ಹತ್ತು ಚದರದ ಮನೆಯಲ್ಲಿ ಮಳೆಗಾಲಕ್ಕೆ ಒಂದು ಕಡೆ ಸೋರಿದರೆ ಬಕೆಟ್ಟು ಹಿಡಿದುಕೊಂಡು ಓಡಾಡುವ ನಾವು, ಆ ಚಾವಣಿಯನ್ನು ನೆನೆದರೇ ಮೈ ಜುಮ್ಮೆನ್ನುತ್ತದೆ.

ಇಂಥ ಮನೆಗೆ ಒಡೆಯರು ಡೆವನ್‌ಷೈರ್ ಡ್ಯೂಕರು. ಡೆವನ್‌ಷೈರ್ ಇರುವುದು ಎಲ್ಲೋ ನೈರುತ್ಯದ ಮೂಲೆಯಲ್ಲಿ, ಇವರ ಮನೆ ಇರುವುದು ಡರ್ಬಿಷೈರಿನಲ್ಲಿ! ಬಿರುದು ಒಂದು ಕಡೆ, ಬಿಡಾರ ಒಂದು ಕಡೆ. ಗೋಡೆಯ ಮೇಲೆಲ್ಲ ಡ್ಯೂಕರ ಚಿತ್ರಗಳು, ಪುಸ್ತಕದ ತುಂಬ ಡ್ಯೂಕರ ಹೆಸರುಗಳು. ಆದರೆ ಈ ಮನೆಯನ್ನು ಕಟ್ಟಿಸಿದವಳು, ಕೊನೆಗೆ ಉಳಿಸಿದವಳು ಇಬ್ಬರೂ ಹೊರಗಿನಿಂದ ಬಂದ ಹೆಂಗಸರು, ಸೊಸೆಯಂದಿರು.

ಮೊದಲನೆಯವಳು ಎಲಿಜಬೆತ್. ಹಾರ್ಡ್‌ವಿಕ್ ಎಂಬ ಊರಿನವಳಾದ್ದರಿಂದ ಜನ ಕರೆದದ್ದು ಹಾರ್ಡ್‌ವಿಕ್‌ನ ಬೆಸ್. ಸಾಧಾರಣ ಜಮೀನ್ದಾರರ ಮಗಳು, ಕೂಸಾಗಿದ್ದಾಗಲೇ ತಂದೆ ಸತ್ತ. ನಾಲ್ಕು ಮದುವೆಯಾದಳು, ನಾಲ್ಕು ಸಲವೂ ವಿಧವೆಯಾದಳು. ಕೇಳಿದ ತಕ್ಷಣ ಮೂಗಿನ ಮೇಲೆ ಬೆರಳಿಡಬೇಡಿ. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿಗೆ ತನ್ನದೆನ್ನುವ ಆಸ್ತಿಯೇ ಇರಲಿಲ್ಲ, ಎಲ್ಲ ಗಂಡನದು. ಹೆಣ್ಣಿನ ಕೈಗೆ ಬೀಗದ ಕೈ ಬರುತ್ತಿದ್ದುದು ಗಂಡ ಸತ್ತ ಮೇಲೆಯೇ! ಎರಡನೆಯ ಗಂಡ ಸರ್ ವಿಲಿಯಂ ಕ್ಯಾವೆಂಡಿಷ್. ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ದೊರೆಗೆ ಒಪ್ಪಿಸುವ ಕೆಲಸದಲ್ಲಿ ಕೈ ಬೆಚ್ಚಗೆ ಮಾಡಿಕೊಂಡವನು. ದೂರದಲ್ಲಿದ್ದ ತನ್ನ ಜಮೀನು ಮಾರಿ ಹೆಂಡತಿಯ ತವರು ಸೀಮೆಗೇ ಬಂದ. 1549ರಲ್ಲಿ 600 ಪೌಂಡಿಗೆ ಚಾಟ್ಸ್‌ವರ್ತ್ ಕೊಂಡರು. ಮನೆ ಅರ್ಧ ಏಳುವಷ್ಟರಲ್ಲಿ, 1557ರಲ್ಲಿ, ಅವನೂ ಹೋದ. ಮಕ್ಕಳನ್ನು ಕಟ್ಟಿಕೊಂಡು ಕೆಲಸ ಮುಗಿಸಿದವಳು ಬೆಸ್.

ನಾಲ್ಕನೆಯ ಗಂಡ ಶ್ರೂಸ್‌ಬರಿಯ ಅರ್ಲ್. ಆ ಮದುವೆಯ ಜೊತೆಗೇ ಅವಳ ಮಗನಿಗೆ ಅವನ ಮಗಳು, ಅವಳ ಮಗಳಿಗೆ ಅವನ ಮಗ! ಕೊಟ್ಟು ತರುವ ಸಂಬಂಧ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದಿರಾ? ಸ್ಕಾಟ್ಲೆಂಡಿನಿಂದ ಓಡಿಬಂದ ರಾಣಿ ಮೇರಿಯನ್ನು 1569ರಲ್ಲಿ ಎಲಿಜಬೆತ್ ರಾಣಿ ಈ ಅರ್ಲನ ಕಾವಲಿಗೆ ಒಪ್ಪಿಸಿದಳು. ಹದಿನೈದು ವರ್ಷದ ಸೆರೆ, ಅದರಲ್ಲಿ ಹಲವು ಸಲ ಚಾಟ್ಸ್‌ವರ್ತ್‌ನಲ್ಲಿ. ಸೆರೆಯಾಳು ರಾಣಿಯೂ ಮನೆಯೊಡತಿಯೂ ಎದುರುಬದುರು ಕೂತು ಕಸೂತಿ ಹಾಕುತ್ತಿದ್ದರು. ಹಕ್ಕಿ, ಮೀನು, ಗಿಡ, ಹೆಸರಿನ ಅಕ್ಷರಗಳು. ಆ ಬಟ್ಟೆಗಳು ಇಂದಿಗೂ ಉಳಿದಿವೆ. ಕೊನೆಗೆ ಗಂಡ-ಹೆಂಡಿರಿಗೆ ಜಗಳವಾಗಿ ಬೆಸ್ ಬೇರೆಯಾದಳು. ಅರ್ಲ್ ಸತ್ತ ವರ್ಷ, 1590ರಲ್ಲಿ, ಹಾರ್ಡ್‌ವಿಕ್‌ನಲ್ಲಿ ಇನ್ನೊಂದು ಮಹಾ ಮನೆಗೆ ಕೈ ಹಾಕಿ, ಅದರ ನೆತ್ತಿಯ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದಳು. ದೂರದಿಂದಲೇ ಓದಬಹುದು!

ಬೆಸ್ ಕಟ್ಟಿಸಿದ ಚಾಟ್ಸ್‌ವರ್ತ್ ಇವತ್ತು ಕಾಣುವುದಿಲ್ಲ. ಗುಡ್ಡದ ಮೇಲೊಂದು ಬೇಟೆಯ ಗೋಪುರ ಉಳಿದಿದೆ. ಅವಳ ವಂಶದವನೊಬ್ಬ ರಾಜನನ್ನೇ ಬದಲಾಯಿಸುವ ಕೂಟದಲ್ಲಿದ್ದು, 1694ರಲ್ಲಿ ಮೊದಲನೆಯ ಡ್ಯೂಕ್ ಆದ. ಹಳೆಯದನ್ನು ಒಂದೊಂದೇ ಪಕ್ಕ ಕೆಡವಿ ಈಗಿನ ಮನೆ ಎಬ್ಬಿಸಿದವನು ಅವನೇ. ಮುಂದಿನ ಡ್ಯೂಕರ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ನಾಲ್ಕನೆಯವನು ಷಾರ್ಲಟ್ ಬಾಯ್ಲ್ ಎಂಬ ಶ್ರೀಮಂತರ ಮಗಳನ್ನು ಮದುವೆಯಾಗಿ, ಅವಳ ಜೊತೆ ಐರ್ಲೆಂಡಿನ ಒಂದು ಕೋಟೆ, ಲಂಡನ್ನಿನ ಮನೆಗಳು ಎಲ್ಲ ಬಂದವು ಎನ್ನುವುದನ್ನು ಮಾತ್ರ ನೆನಪಿಡಿ.

ಐದನೆಯ ಡ್ಯೂಕನ ಕೈ ಹಿಡಿದವಳು ಜಾರ್ಜಿಯಾನಾ ಸ್ಪೆನ್ಸರ್. ನಾವೆಲ್ಲ ಟಿ.ವಿ.ಯಲ್ಲಿ ನೋಡಿ ಮರುಗಿದ ರಾಜಕುಮಾರಿ ಡಯಾನಾ ಇದೇ ಸ್ಪೆನ್ಸರ್ ಮನೆತನದವಳು. 1774ರಲ್ಲಿ ಮದುವೆಯಾದಾಗ ಜಾರ್ಜಿಯಾನಾಗೆ ಹದಿನೇಳು. ಲಂಡನ್ನಿಗೆ ಲಂಡನ್ನೇ ಅವಳ ತುರುಬು ನೋಡಿ ತುರುಬು ಕಟ್ಟಿಕೊಳ್ಳುತ್ತಿತ್ತು. 1784ರ ಚುನಾವಣೆಯಲ್ಲಿ ಬೀದಿಗಿಳಿದು ಫಾಕ್ಸ್ ಎಂಬ ನಾಯಕನಿಗೆ ಮತ ಕೇಳಿದಳು. ಹೆಣ್ಣಿಗೆ ಮತವೇ ಇಲ್ಲದ ಕಾಲ! ಪತ್ರಿಕೆಯವರು ಹೊಲಸು ಚಿತ್ರ ಬರೆದು ಆಡಿಕೊಂಡರು.

ಹೊರಗೆ ಇಷ್ಟು ಮೆರೆದವಳಿಗೆ ಒಳಗೆ ಏನಿತ್ತು? ಮದುವೆಯಾಗಿ ಒಂಬತ್ತು ವರ್ಷ ಮಗುವಿಲ್ಲ. ಆಮೇಲೆ ಹುಟ್ಟಿದ್ದು ಹೆಣ್ಣು, ಮತ್ತೊಂದು ಹೆಣ್ಣು. ಮೊದಲ ಮಗಳಿಗೆ ತಾನೇ ಹಾಲೂಡಿಸುತ್ತೇನೆ ಎಂದದ್ದಕ್ಕೆ ಗಂಡನ ಕಡೆಯವರಿಗೆ ಸಿಟ್ಟು. ಮೊಲೆಯುಣಿಸುತ್ತ ಕೂತರೆ ಮುಂದಿನ ಗಂಡುಮಗು ತಡವಾಗುತ್ತದಲ್ಲ! ಅಂತೂ ಹದಿನಾರು ವರ್ಷದ ಮೇಲೆ, 1790ರಲ್ಲಿ, ಗಂಡು ಹುಟ್ಟಿತು. ಅದೇ ಮನೆಯಲ್ಲಿ ಲೇಡಿ ಎಲಿಜಬೆತ್ ಫಾಸ್ಟರ್ ಎಂಬ ಗೆಳತಿಯೂ ಇದ್ದಳು. ಡ್ಯೂಕನಿಂದ ಅವಳಿಗೂ ಮಕ್ಕಳಾದವು. ಅದನ್ನು ಎಲ್ಲರೂ ನುಂಗಿಕೊಂಡರು. ಆದರೆ ಜಾರ್ಜಿಯಾನಾ ಚಾರ್ಲ್ಸ್ ಗ್ರೇ ಎಂಬವನನ್ನು ಮೆಚ್ಚಿ 1792ರಲ್ಲಿ ಹೆತ್ತಾಗ ನ್ಯಾಯ ಬೇರೆಯಾಯಿತು. ಆ ಕೂಸನ್ನು ಗ್ರೇ ಮನೆಯವರಿಗೆ ಕೊಟ್ಟುಬಿಡಬೇಕಾಯಿತು, ಎರಡು ವರ್ಷ ಪರದೇಶ ವಾಸ. 1793ರಲ್ಲಿ ಹಿಂತಿರುಗಿದಾಗ ಮೂರು ವರ್ಷದ ಮಗ ತಾಯಿಯ ಗುರುತು ಹಿಡಿಯದೆ ಅತ್ತ. ಜೂಜಿನ ಸಾಲದಲ್ಲಿ ಮುಳುಗಿಹೋದಳು ಎಂದು ಚರಿತ್ರೆಕಾರರು ಅವಳನ್ನು ದೂರುತ್ತಾರೆ. ಮುಳುಗಿದ್ದು ನಿಜ. ಆ ಮನೆಯಲ್ಲಿ ಅವಳು ತೇಲಲು ಹಿಡಿದುಕೊಳ್ಳುವುದಾದರೂ ಏನಿತ್ತು ಅಂತ ನನಗನ್ನಿಸುತ್ತದೆ. 1806ರಲ್ಲಿ ಕಣ್ಣು ಮುಚ್ಚಿದಳು.

ತಾಯಿಯನ್ನು ಗುರುತಿಸದ ಆ ಮಗುವೇ ಆರನೆಯ ಡ್ಯೂಕ್. ಮದುವೆಯೇ ಆಗಲಿಲ್ಲ. ಮರಗಿಡವೆಂದರೆ ಪ್ರಾಣ. 1826ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ಬಡ ಹುಡುಗನನ್ನು ತೋಟದ ಮೇಲ್ವಿಚಾರಕನನ್ನಾಗಿ ನೇಮಿಸಿದ. ಪ್ಯಾಕ್ಸ್‌ಟನ್ ಬೆಳಗಿನ ಜಾವ ನಾಲ್ಕೂವರೆಗೆ ಬಂದು, ಬೇಲಿ ಹತ್ತಿ ಒಳಗಿಳಿದು, ಆಳುಗಳಿಗೆ ಕೆಲಸ ಹಚ್ಚಿ, ಮನೆವಾರ್ತೆಯವಳ ಜೊತೆ ತಿಂಡಿಗೆ ಕೂತನಂತೆ. ಅಲ್ಲೇ ಅವಳ ತಂಗಿಯ ಮಗಳೋ ಅಣ್ಣನ ಮಗಳೋ ಆದ ಸಾರಾ ಬೌನ್‌ಳನ್ನು ಕಂಡ. ಒಂಬತ್ತು ಗಂಟೆಯೊಳಗೆ ಮನಸ್ಸು ಕೊಟ್ಟು ತೆಗೆದುಕೊಂಡಾಗಿತ್ತು! ಮರುವರ್ಷ ಮದುವೆ. ಅವನು ಡ್ಯೂಕನ ಜೊತೆ ದೇಶ ತಿರುಗುವಾಗ ತೋಟದ ಲೆಕ್ಕಪತ್ರ ನಿಭಾಯಿಸಿದವಳು ಸಾರಾ.

ಈಗ ಬಾಳೆಗೆ ಬರೋಣ. ಚೀನಾ ಮೂಲದ, ಮಾರಿಷಸ್ ದಾಟಿ ಬಂದ ಒಂದು ಗಿಡ್ಡ ಬಾಳೆಗಿಡ ಪ್ಯಾಕ್ಸ್‌ಟನ್ ಕೈಗೆ ಸಿಕ್ಕಿತು. ಹಿಮ ಬೀಳುವ ಊರು. ಗಾಜಿನ ಮನೆಯಲ್ಲಿಟ್ಟು, ಬೆಚ್ಚಗೆ ಕಾಪಾಡಿ, 1835ರಲ್ಲಿ ಮೂತಿ ಬಿಡಿಸಿದ. ಯಜಮಾನನ ಮನೆತನದ ಹೆಸರನ್ನೇ ಅದಕ್ಕಿಟ್ಟ. ಅಲ್ಲಿಂದ ಪಾದ್ರಿಗಳು ಪೆಸಿಫಿಕ್ ದ್ವೀಪಗಳಿಗೆ ಕಂದು ಒಯ್ದರು. ಮುಂದೆ ಪ್ಯಾಕ್ಸ್‌ಟನ್ 277 ಅಡಿ ಉದ್ದದ ಗಾಜಿನ ಮನೆ ಕಟ್ಟಿದ, ಸಾರೋಟು ಒಳಗೇ ಓಡಾಡುವಂಥದು. ಅದನ್ನು ಕಾಯಿಸಲು ಬೇಕಾದ ಕಲ್ಲಿದ್ದಲು ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಸುರಂಗದಲ್ಲಿ ಸಾಗಿಸುತ್ತಿದ್ದರು. ಮಸಿ ಹಿಡಿದ ಆಳುಗಳೂ ಕಣ್ಣಿಗೆ ಬೀಳಲಿಲ್ಲ, ಅನ್ನಿ. 1851ರಲ್ಲಿ ಲಂಡನ್ನಿನ ಸ್ಫಟಿಕದರಮನೆಯನ್ನು ರೂಪಿಸಿದವನೂ ಇದೇ ಪ್ಯಾಕ್ಸ್‌ಟನ್. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ನಿಂತುಕೊಳ್ಳುತ್ತೀರಲ್ಲ, 1889ರಲ್ಲಿ ಶುರುವಾದ ಆ ಗಾಜಿನ ಮನೆ ಅದರದೇ ಮಾದರಿ. ರಷ್ಯದ ಚಕ್ರವರ್ತಿ ಬರುತ್ತಾನೆಂದು 1844ರಲ್ಲಿ ಗುಡ್ಡದ ಮೇಲೆ ಕೆರೆಯನ್ನೇ ತೋಡಿಸಿ ಸುಮಾರು 290 ಅಡಿ ಚಿಮ್ಮುವ ಕಾರಂಜಿ ಮಾಡಿದರು. ಚಕ್ರವರ್ತಿ ಬರಲೇ ಇಲ್ಲ! ಒಬ್ಬಟ್ಟು ಮಾಡಿಟ್ಟು ಬಾಗಿಲು ನೋಡಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಆ ದೊಡ್ಡ ಗಾಜಿನ ಮನೆಯೂ ಉಳಿಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಲ್ಲದೆ ಗಿಡಗಳು ಸತ್ತವು, 1920ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು.

ಎರಡನೆಯ ಮಹಾಯುದ್ಧದಲ್ಲಿ ಮನೆಯನ್ನು ಒಂದು ಹೆಣ್ಣುಮಕ್ಕಳ ಶಾಲೆಗೆ ಬಿಟ್ಟುಕೊಟ್ಟಿದ್ದರು. 1944ರ ಮೇ ತಿಂಗಳಲ್ಲಿ ಹಿರಿಯ ಮಗ ವಿಲಿಯಂ ಮದುವೆಯಾದದ್ದು ಅಮೆರಿಕದ ಕ್ಯಾಥ್ಲೀನ್ ಕೆನಡಿಯನ್ನು, ಮುಂದೆ ಅಧ್ಯಕ್ಷನಾದ ಕೆನಡಿಯ ತಂಗಿ. ನಾಲ್ಕೇ ತಿಂಗಳಲ್ಲಿ ಯುದ್ಧಭೂಮಿಯಲ್ಲಿ ಅವನು ಸತ್ತ. 1948ರಲ್ಲಿ ವಿಮಾನ ಬಿದ್ದು ಅವಳೂ ಹೋದಳು. ಹೀಗೆ ಮನೆ ಕಿರಿಯ ಮಗ ಆಂಡ್ರ್ಯೂ ಪಾಲಿಗೆ ಬಂತು. 1950ರಲ್ಲಿ ತಂದೆ ಇದ್ದಕ್ಕಿದ್ದ ಹಾಗೆ ತೀರಿಕೊಂಡಾಗ ಸರ್ಕಾರಕ್ಕೆ ಕಟ್ಟಬೇಕಾದ ಮರಣ ತೆರಿಗೆ ನೂರಕ್ಕೆ 80! ಇನ್ನು ಕೆಲವೇ ತಿಂಗಳು ಬದುಕಿದ್ದರೆ ಮೊದಲೇ ಮಗನಿಗೆ ಬರೆದುಕೊಟ್ಟಿದ್ದ ಆಸ್ತಿ ಉಳಿಯುತ್ತಿತ್ತು. ಸಾವಿರಾರು ಎಕರೆ ಜಮೀನು, ರೂಬೆನ್ಸ್, ಹಾಲ್ಬೈನರ ಚಿತ್ರಗಳು ಹೋದವು. ಬೆಸ್‌ಳ ಹಾರ್ಡ್‌ವಿಕ್ ಮನೆಯೂ ಹೋಯಿತು. ಅಲ್ಲಿ ಆಂಡ್ರ್ಯೂನ ಅಜ್ಜಿ ಈವ್ಲಿನ್ ಇನ್ನೂ ಇದ್ದಳು. ಎಂಬತ್ತು ದಾಟಿದ ಮುದುಕಿ, ಸೂಜಿದಾರ ಹಿಡಿದು ನಾನೂರು ವರ್ಷದ ಹಳೆಯ ಕಸೂತಿಗೆ ತೇಪೆ ಹಾಕುತ್ತಾ ಕೂತಿದ್ದಳು. 1960ರಲ್ಲಿ ಸಾಯುವ ತನಕ ಅದೇ ಕೆಲಸ.

ಆಂಡ್ರ್ಯೂನ ಹೆಂಡತಿ ಡೆಬೋರಾ, ಮಿಟ್‌ಫರ್ಡ್ ಮನೆಯ ಆರು ಹೆಣ್ಣುಮಕ್ಕಳಲ್ಲಿ ಕೊನೆಯವಳು. ಮೂರು ಕೂಸುಗಳನ್ನು ಹುಟ್ಟುತ್ತಲೇ ಕಳೆದುಕೊಂಡು ಮೂವರನ್ನು ಬೆಳೆಸಿದವಳು. ಬೀಗ ಹಾಕಿದ್ದ ಮನೆಗೆ 1959ರಲ್ಲಿ ಸಂಸಾರ ಸಮೇತ ಬಂದಳು. ಕೊಳಾಯಿ, ಬಚ್ಚಲು, ಬೆಚ್ಚಗಿನ ಕೋಣೆಗಳಿಂದ ಶುರು. ಟಿಕೆಟ್ಟು ಕೊಂಡು ನೋಡಲು ಬರುವವರಿಗೆ ಚಹಾ, ತಿಂಡಿ. ಪೇಟೆಯ ಮಕ್ಕಳಿಗೆ ಹಸು ಕರೆಯುವುದನ್ನು ತೋರಿಸುವ ಕೊಟ್ಟಿಗೆ 1973ರಲ್ಲಿ. ಜಹಗೀರಿನಲ್ಲೇ ಬೆಳೆದ ಪದಾರ್ಥ ಮಾರುವ ಅಂಗಡಿ 1977ರಲ್ಲಿ. ಡಚೆಸ್ ಅಂಗಡಿ ಇಟ್ಟಳು ಎಂದು ಮೂಗು ಮುರಿದವರಿಗೇನು ಕಡಿಮೆಯೇ! ಕೋಳಿ ಸಾಕುವುದೆಂದರೆ ಅವಳಿಗೆ ಪಂಚಪ್ರಾಣ. ಅಡಿಗೆ ಪುಸ್ತಕವನ್ನೂ ಬರೆದಳು, ಒಲೆಯ ಮುಂದೆ ನಿಂತು ಎಷ್ಟೋ ಕಾಲವಾಯಿತು ಎಂದು ತಾನೇ ಒಪ್ಪಿಕೊಂಡು. ತೆರಿಗೆಯ ಲೆಕ್ಕ ಬಗೆಹರಿಯಲು 1967 ಬಂತು, ಹದಿನೇಳು ವರ್ಷ. 1981ರಲ್ಲಿ ಮನೆಯನ್ನು ಒಂದು ಟ್ರಸ್ಟಿಗೆ ಒಪ್ಪಿಸಿ, ಡ್ಯೂಕರೇ ಬಾಡಿಗೆ ಕೊಟ್ಟು ವಾಸಿಸುವ ಏರ್ಪಾಡು ಮಾಡಿಕೊಂಡರು.

2004ರಲ್ಲಿ ಆಂಡ್ರ್ಯೂ ತೀರಿಕೊಂಡರು. ಮಗ ಡ್ಯೂಕ್ ಆದ, ಸೊಸೆ ಡಚೆಸ್ ಆದಳು. ಡೆಬೋರಾ ಗಂಟುಮೂಟೆ ಕಟ್ಟಿ, ಪಕ್ಕದ ಹಳ್ಳಿಯ ಹಳೆಯ ಪಾದ್ರಿಮನೆಗೆ ಹೋದಳು. ಆ ಹಳ್ಳಿಯ ಹೆಸರು ಬರೆಯುವುದು ಎಡೆನ್ಸರ್, ಕರೆಯುವುದು ಎನ್ಸರ್. 2014ರಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಸತ್ತಾಗ ಆ ಹಳ್ಳಿಯ ಚರ್ಚಿನ ಅಂಗಳದಲ್ಲೇ ಮಣ್ಣು ಮಾಡಿದರು. ಪ್ಯಾಕ್ಸ್‌ಟನ್‌ನೂ ಅಲ್ಲೇ ಇದ್ದಾನೆ, ಕ್ಯಾಥ್ಲೀನಳೂ ಅಲ್ಲೇ ಇದ್ದಾಳೆ. ಅಲ್ಲಿಂದ ಹುಲ್ಲಿನ ದಿಬ್ಬ ಹತ್ತಿ ಇಳಿದರೆ ಮತ್ತೆ ಅದೇ ಹೊಳೆ, ಅದೇ ಕಲ್ಲಿನ ಸೇತುವೆ, ಆಚೆ ದಡದಲ್ಲಿ ಆ ಮನೆ.